ಖಾತೆ ಒಬ್ಬರದು, ಲೆಕ್ಕ ಇಬ್ಬರದು



ದತ್ತಿ ಉಪನ್ಯಾಸವೆಂದರೆ ಸಾಹಿತ್ಯವೋ ಸಂಗೀತವೋ ಇರಬಹುದೆಂದು ಬಂದವರಿಗೆ ಆಹ್ವಾನ ಪತ್ರಿಕೆಯಲ್ಲಿ ಅಮೆರಿಕದ ತೆರಿಗೆಯ ಹೆಸರು ಕಂಡು ಹುಬ್ಬೇರಿರಬೇಕು. ಈ ದತ್ತಿಯ ನಿಯಮದಲ್ಲಿ ಕಾನೂನಿಗೆ ಅಥವಾ ಅರ್ಥವ್ಯವಸ್ಥೆಗೆ ಸಂಬಂಧಿಸಿದ ಒಂದು ವಿಷಯವನ್ನು ಕನ್ನಡದಲ್ಲಿ ಮಾತಾಡಬೇಕು ಎಂದಿದೆಯೇ ಹೊರತು, ಯಾವ ದೇಶದ ಕಾನೂನು ಎಂದು ಬರೆದಿಲ್ಲ. ಆ ಸಂದಿಯಲ್ಲಿ ನಾನು ನುಸುಳಿದ್ದೇನೆ. ತೆರಿಗೆ ಕಾನೂನನ್ನು ಓದಿಕೊಂಡವರಿಗೆ ಸಂದಿ ಹುಡುಕುವುದು ಹುಟ್ಟುಗುಣವಾಗಿಬಿಡುತ್ತದೆ, ಕ್ಷಮಿಸಿ.

ಇನ್ನೊಂದು ಕಾರಣವೂ ಇದೆ. ಮಕ್ಕಳನ್ನು, ಅಳಿಯ ಸೊಸೆಯರನ್ನು ಅಮೆರಿಕಕ್ಕೆ ಕಳುಹಿಸಿ ಇಲ್ಲಿ ಉಳಿದವರು ಈ ಸಭೆಯಲ್ಲೇ ಎಷ್ಟೋ ಮಂದಿ ಇದ್ದೀರಿ. ಅವರು ಫೋನಿನಲ್ಲಿ ವೀಸಾ ವಿಷಯ ಹೇಳುತ್ತಾರೆ, ಮನೆ ಸಾಲದ ಬಡ್ಡಿ ಹೇಳುತ್ತಾರೆ. ನಿವೃತ್ತಿಯ ಉಳಿತಾಯದ ಮಾತು ಬರುವುದೇ ಅಪರೂಪ. ಬಂದರೂ ‘ಅಲ್ಲಿ ಕಂಪನಿಯವರೇ ಎಲ್ಲ ನೋಡಿಕೊಳ್ಳುತ್ತಾರೆ’ ಎಂಬಲ್ಲಿಗೆ ಮುಗಿಯುತ್ತದೆ. ಕಂಪನಿ ನೋಡಿಕೊಳ್ಳದ ಒಂದು ಭಾಗವಿದೆ. ಅದರ ಬಾಗಿಲು ತೆರೆಯುವುದೂ ಮುಚ್ಚುವುದೂ ಸಂಬಳಕ್ಕಿಂತ ಹೆಚ್ಚಾಗಿ ಮದುವೆಯ ಮೇಲೆ ನಿಂತಿದೆ.

ಒಂದು ಉದಾಹರಣೆ ಕೊಡುತ್ತೇನೆ. ಹುಡುಗ ಎಚ್-1ಬಿ ವೀಸಾದಲ್ಲಿ ಟೆಕ್ಸಾಸಿನಲ್ಲಿದ್ದಾನೆ, ವರ್ಷಕ್ಕೆ 1,30,000 ಡಾಲರ್ ಸಂಬಳ. 2025ರ ಜನವರಿಯಲ್ಲಿ ತನ್ನ ರಾತ್ ಐಆರ್‌ಎ ಎಂಬ ನಿವೃತ್ತಿ ಖಾತೆಗೆ 7,000 ಡಾಲರ್ ಹಾಕಿದ. ಅಂದಿಗೆ ಅದು ಪೂರ್ತಿ ಕ್ರಮಬದ್ಧ. ಡಿಸೆಂಬರಿನಲ್ಲಿ ರಜೆ ಹಾಕಿ ಮೈಸೂರಿಗೆ ಬಂದು ಮದುವೆಯಾದ, ಕೆಲವು ದಿನ ಹೆಂಡತಿಯೊಡನೆ ಇದ್ದು, ಅವಳ ವೀಸಾ ಆಗುವವರೆಗೆ ಒಬ್ಬನೇ ವಾಪಸಾದ. ಏಪ್ರಿಲ್‌ನಲ್ಲಿ ತೆರಿಗೆ ಲೆಕ್ಕ ಮಾಡುವಾಗ, ಹೆಂಡತಿಯನ್ನು ಸೇರಿಸದೆ ತನ್ನೊಬ್ಬನ ರಿಟರ್ನ್ ಸಲ್ಲಿಸಿದರೆ, ಆ 7,000 ಡಾಲರಿನಲ್ಲಿ ಒಂದು ಡಾಲರನ್ನೂ ಹಾಕುವ ಹಕ್ಕು ಅವನಿಗೆ ಇರಲಿಲ್ಲ ಎಂದಾಗುತ್ತದೆ. ಅದೇ ಕೆಲಸ, ಅದೇ ಸಂಬಳ, ಅದೇ ಹಣ. ಪುರೋಹಿತರು ಮುಹೂರ್ತವನ್ನು ಮುಂದಿನ ಜನವರಿಗೆ ಇಟ್ಟಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ. ಪಂಚಾಂಗಕ್ಕೂ ಅಮೆರಿಕದ ತೆರಿಗೆ ಸಂಹಿತೆಗೂ ಇಷ್ಟು ಹತ್ತಿರದ ನಂಟು ಇದೆಯೆಂದು ಯಾರು ಎಣಿಸಿದ್ದರು!

ಐಆರ್‌ಎ ಎಂದರೆ ಒಬ್ಬ ವ್ಯಕ್ತಿ ತನ್ನ ಹೆಸರಿನಲ್ಲೇ ತೆರೆಯುವ ನಿವೃತ್ತಿ ಖಾತೆ. ಅದರಲ್ಲಿ ಜಂಟಿ ಖಾತೆ ಎಂಬುದೇ ಇಲ್ಲ. ಮುಖ್ಯವಾಗಿ ಎರಡು ಬಗೆ. ಸಾಂಪ್ರದಾಯಿಕ ಖಾತೆಯಲ್ಲಿ ಹಾಕಿದ ಹಣಕ್ಕೆ ಈಗ ತೆರಿಗೆ ಕಡಿತ ಸಿಗಬಹುದು, ಮುಪ್ಪಿನಲ್ಲಿ ತೆಗೆಯುವಾಗ ತೆರಿಗೆ ಕಟ್ಟಬೇಕು. ರಾತ್ ಖಾತೆಯಲ್ಲಿ ಇದರ ತಿರುಗುಮುರುಗು: ತೆರಿಗೆ ಕಟ್ಟಿ ಉಳಿದ ಹಣವನ್ನು ಹಾಕುವುದು, ನಿಯಮದಂತೆ ತೆಗೆದರೆ ಬೆಳೆದ ಗಂಟೂ ತೆರಿಗೆಯಿಲ್ಲದೆ ಕೈಗೆ ಬರುವುದು. 2025ರಲ್ಲಿ ಎರಡೂ ಬಗೆಯ ಖಾತೆಗಳಿಗೆ ಸೇರಿ ಒಬ್ಬರು ಹಾಕಬಹುದಾದದ್ದು 7,000 ಡಾಲರ್; 50 ವರ್ಷ ತುಂಬಿದವರಿಗೆ ಇನ್ನೂ 1,000. ಮೂಲ ಷರತ್ತು ಒಂದೇ, ದುಡಿದ ಆದಾಯ ಇರಬೇಕು. ಬಾಡಿಗೆ, ಬಡ್ಡಿ, ಡಿವಿಡೆಂಡ್ ದುಡಿಮೆಯಲ್ಲ. ಕಂಪನಿಯ ಮೂಲಕ ನಡೆಯುವ 401(ಕೆ) ಯೋಜನೆಯ ಮಾತು ಬೇರೆ. ಅದಕ್ಕೆ ಸಂಬಳದಿಂದ 23,500 ಡಾಲರ್‌ವರೆಗೆ ಹಾಕಬಹುದು, ಅಲ್ಲಿ ನೀವು ಮದುವೆಯಾಗಿದ್ದೀರೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಕೇಳುವುದು ಐಆರ್‌ಎಯಲ್ಲಿ ಮಾತ್ರ. ಇಂದು ನಾನು ಬಳಸುವ ಮಿತಿಗಳೆಲ್ಲ 2025ರ ತೆರಿಗೆ ವರ್ಷದವು. ಹೆಚ್ಚಿನವು ಬೆಲೆಯೇರಿಕೆಗೆ ತಕ್ಕಂತೆ ವರ್ಷ ವರ್ಷ ಏರುತ್ತವೆ. ಹೆಚ್ಚಿನವು ಎಂದೆ, ಎಲ್ಲವೂ ಎನ್ನಲಿಲ್ಲ. ಏರದ ಆ ಒಂದು ಅಂಕಿಯೇ ಇಂದಿನ ನನ್ನ ತಕರಾರು.

ಅಮೆರಿಕದಲ್ಲಿ ರಿಟರ್ನ್ ಸಲ್ಲಿಸುವವರು ಮೊದಲು ತಮ್ಮ ಫೈಲಿಂಗ್ ಸ್ಟೇಟಸ್ ಹೇಳಬೇಕು. ಮದುವೆಯಾಗದವರು ಸಿಂಗಲ್. ಮದುವೆಯಾದವರು ಒಟ್ಟಾಗಿ ಜಂಟಿ ರಿಟರ್ನ್ ಸಲ್ಲಿಸಬಹುದು, ಅಥವಾ ಬೇರೆ ಬೇರೆಯಾಗಿ ಪ್ರತ್ಯೇಕ ರಿಟರ್ನ್ ಸಲ್ಲಿಸಬಹುದು. ಮಗುವನ್ನೋ ಅವಲಂಬಿತರನ್ನೋ ಸಾಕುತ್ತಿರುವ ಒಂಟಿ ಗೃಹಸ್ಥರಿಗೆ ಹೆಡ್ ಆಫ್ ಹೌಸ್‌ಹೋಲ್ಡ್ ಎಂಬ ಸ್ಥಾನವಿದೆ. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡು, ಅವಲಂಬಿತ ಮಗುವಿನೊಡನೆ ಇರುವವರಿಗೆ ಮುಂದಿನ ಎರಡು ವರ್ಷ ಜಂಟಿ ರಿಟರ್ನಿನ ದರಗಳೇ ಸಿಗುವ ಐದನೆಯ ಸ್ಥಾನವೊಂದಿದೆ. ನೀವು ಯಾವುದಕ್ಕೆ ಸೇರುತ್ತೀರಿ ಎನ್ನುವುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಡಿಸೆಂಬರ್ 31. ಅಂದು ಮದುವೆಯಾಗಿದ್ದರೆ ಇಡೀ ವರ್ಷ ಮದುವೆಯಾಗಿದ್ದಂತೆ. ಅಂದಿಗೆ ವಿಚ್ಛೇದನ ಆಗಿದ್ದರೆ ಇಡೀ ವರ್ಷ ಒಂಟಿಯಾಗಿದ್ದಂತೆ.

ರಾತ್ ಖಾತೆಗೆ ಪೂರ್ತಿ ಹಣ ಹಾಕಲು ಸಿಂಗಲ್ ಆದವರ ಆದಾಯ 1,50,000 ಡಾಲರಿಗಿಂತ ಕಡಿಮೆ ಇರಬೇಕು. ಅಲ್ಲಿಂದ ಮುಂದೆ ಮಿತಿ ಕರಗುತ್ತಾ ಹೋಗಿ 1,65,000ಕ್ಕೆ ಸೊನ್ನೆಯಾಗುತ್ತದೆ. 1,56,000 ಗಳಿಸುವವರು 4,200 ಹಾಕಬಹುದು. ಹೆಡ್ ಆಫ್ ಹೌಸ್‌ಹೋಲ್ಡ್ ಆದವರಿಗೂ ಇದೇ ಗೆರೆ. ಜಂಟಿ ರಿಟರ್ನಿನವರಿಗೆ ಇಬ್ಬರ ಆದಾಯ ಸೇರಿ 2,36,000ದಿಂದ 2,46,000ದ ನಡುವೆ ಕರಗುತ್ತದೆ. ಪ್ರತ್ಯೇಕ ರಿಟರ್ನ್ ಸಲ್ಲಿಸುವ ಗಂಡ ಹೆಂಡಿರಿಗೆ ಕರಗುವುದು ಸೊನ್ನೆಯಿಂದಲೇ ಶುರುವಾಗಿ 10,000 ಡಾಲರಿಗೆ ಮುಗಿದುಹೋಗುತ್ತದೆ. ಸರಿಯಾಗಿಯೇ ಕೇಳಿಸಿಕೊಂಡಿರಿ, ಹತ್ತು ಸಾವಿರ. ವರ್ಷವಿಡೀ ದುಡಿದು 4,000 ಡಾಲರ್ ಗಳಿಸಿದವರ ಮಿತಿಯನ್ನೂ ಈ ನಿಯಮ 7,000ದಿಂದ 4,200ಕ್ಕೆ ಇಳಿಸುತ್ತದೆ. ಅಂಥವರು ಇಡೀ ಗಳಿಕೆಯನ್ನೇ ಖಾತೆಗೆ ಹಾಕಿದರೂ ಮಿತಿ ಮುಟ್ಟುವುದಿಲ್ಲ, ಅದು ಬೇರೆ ಮಾತು.

ಈ ಅಂಕಿಗಳ ಪರಿಣಾಮ ವಿಚಿತ್ರವಾದದ್ದು. ತಲಾ 1,40,000 ಗಳಿಸುವ ಇಬ್ಬರು ಮದುವೆಯಾಗದೆ ಜೊತೆಗಿದ್ದರೆ ಇಬ್ಬರೂ ರಾತ್ ಖಾತೆಗೆ ಪೂರ್ತಿ ಹಣ ಹಾಕಬಹುದು. ಮದುವೆಯಾದರೋ, ಒಟ್ಟು ಆದಾಯ 2,80,000. ಇಬ್ಬರಿಗೂ ಬಾಗಿಲು ಬಂದ್. ಇನ್ನೊಂದು ಕಡೆ, 2,00,000 ಗಳಿಸುವ ಒಂಟಿಯೊಬ್ಬ ರಾತ್ ಖಾತೆಯ ಹತ್ತಿರವೂ ಸುಳಿಯುವಂತಿಲ್ಲ. ಅವನು ಸಂಬಳವಿಲ್ಲದ ಸಂಗಾತಿಯನ್ನು ಮದುವೆಯಾದರೆ ತನ್ನ ಖಾತೆಗೂ 7,000, ಅವಳ ಖಾತೆಗೂ 7,000 ಹಾಕಬಹುದು. ಒಬ್ಬರು ದುಡಿಯುವ ಮನೆಗೆ ಬೆಣ್ಣೆ, ಇಬ್ಬರೂ ಸರಿಸಮ ದುಡಿಯುವ ಮನೆಗೆ ಸುಣ್ಣ. ಸಾಫ್ಟ್‌ವೇರಿನಲ್ಲಿರುವ ನಮ್ಮ ಎಷ್ಟೋ ದಂಪತಿಗಳು ಎರಡನೆಯ ಗುಂಪಿನವರು.

ಇಂಥ ಕಾನೂನು ಹೇಗೆ ಹುಟ್ಟಿತು ಎಂದು ನೋಡಲು ಸುಮಾರು ನೂರು ವರ್ಷ ಹಿಂದೆ ಹೋಗಬೇಕು. ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಇದರಲ್ಲಿ ಕಥೆಯ ರುಚಿ ಇದೆ.

ಅಮೆರಿಕದ ಇಂದಿನ ಆದಾಯ ತೆರಿಗೆ 1913ರಲ್ಲಿ ಶುರುವಾದಾಗ ಲೆಕ್ಕದ ಘಟಕ ವ್ಯಕ್ತಿಯೇ. ಹೆಚ್ಚು ಗಳಿಸಿದವರಿಗೆ ಹೆಚ್ಚು ದರ. ಹಾಗಾಗಿ ಗಂಡನ ಆದಾಯವನ್ನು ಅರ್ಧ ಮಾಡಿ ಹೆಂಡತಿಯ ಹೆಸರಿಗೆ ತೋರಿಸಿದರೆ ಇಬ್ಬರೂ ಕೆಳಗಿನ ದರಕ್ಕೆ ಇಳಿಯುತ್ತಾರೆ. ಕ್ಯಾಲಿಫೋರ್ನಿಯಾದ ಅರ್ಲ್ ಎಂಬ ವಕೀಲರು 1901ರಲ್ಲೇ, ಅಂದರೆ ಈ ತೆರಿಗೆ ಹುಟ್ಟುವ ಮೊದಲೇ, ತಾವು ಗಳಿಸಿದ್ದೆಲ್ಲ ತಮಗೂ ಹೆಂಡತಿಗೂ ಸಮನಾಗಿ ಸೇರಿದ್ದು ಎಂದು ಕರಾರು ಮಾಡಿಕೊಂಡಿದ್ದರು. ತೆರಿಗೆ ತಪ್ಪಿಸಲು ಮಾಡಿದ್ದೆಂದು ಅವರ ಮೇಲೆ ಹೇಳುವಂತೆಯೇ ಇರಲಿಲ್ಲ. ಆದರೂ 1930ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹೋಮ್ಸ್, ಗಳಿಸಿದವನೇ ತೆರಿಗೆ ಕಟ್ಟಬೇಕು, ಕರಾರು ನಡೆಯದು ಎಂದು ತೀರ್ಪು ಬರೆದರು. ಅದೇ ವರ್ಷ ನವೆಂಬರಿನಲ್ಲಿ ವಾಷಿಂಗ್ಟನ್ ರಾಜ್ಯದ ಸೀಬಾರ್ನ್ ದಂಪತಿಯ ಮೊಕದ್ದಮೆ ಅದೇ ಕೋರ್ಟಿಗೆ ಬಂತು. ಆ ರಾಜ್ಯದ ಕಾನೂನಿನಂತೆ ಮದುವೆಯ ನಂತರದ ಗಳಿಕೆ ಹುಟ್ಟುವಾಗಲೇ ಇಬ್ಬರ ಸೊತ್ತು. ಕೋರ್ಟು ಈ ಬಾರಿ, ಹಾಗಿದ್ದರೆ ಅರ್ಧರ್ಧ ಹಂಚಿಕೊಂಡು ತೆರಿಗೆ ಕಟ್ಟಬಹುದು ಎಂದಿತು. ಗಂಡಹೆಂಡಿರ ಕರಾರಿಗೆ ಇಲ್ಲದ ಬಲ ರಾಜ್ಯದ ಕಾನೂನಿಗೆ ಬಂತು. ಒಂದೇ ಸಂಬಳದ ಇಬ್ಬರು ಗೃಹಸ್ಥರು, ವಾಸಿಸುವ ರಾಜ್ಯ ಬೇರೆಯಾದ ಕಾರಣಕ್ಕೆ, ಬೇರೆ ಬೇರೆ ತೆರಿಗೆ ಕಟ್ಟತೊಡಗಿದರು.

ಯುದ್ಧಕಾಲದಲ್ಲಿ ದರಗಳು ಏರಿದಾಗ ಈ ವ್ಯತ್ಯಾಸ ಸಹಿಸಲಾಗದಷ್ಟಾಯಿತು. ಓಕ್ಲಹೋಮಾ, ಮಿಷಿಗನ್, ನೆಬ್ರಾಸ್ಕಾ, ಪೆನ್ಸಿಲ್ವೇನಿಯಾದಂಥ ರಾಜ್ಯಗಳು ತಮ್ಮ ದಾಂಪತ್ಯದ ಆಸ್ತಿ ಕಾನೂನನ್ನೇ ಬದಲಿಸಲು ಸಾಲುಗಟ್ಟಿದವು. ಹೆಂಗಸರಿಗೆ ಆಸ್ತಿಯಲ್ಲಿ ಪಾಲು ಕೊಡಬೇಕೆಂಬ ಜ್ಞಾನೋದಯದಿಂದಲ್ಲ, ಗಂಡಸರ ತೆರಿಗೆ ಇಳಿಸಲು. ಕೊನೆಗೆ 1948ರಲ್ಲಿ ಸಂಸತ್ತು ಅಧ್ಯಕ್ಷ ಟ್ರೂಮನ್ನರ ನಿರಾಕರಣೆಯನ್ನೂ ಮೀರಿ, ದೇಶದ ಎಲ್ಲ ದಂಪತಿಗಳೂ ಜಂಟಿ ರಿಟರ್ನಿನಲ್ಲಿ ಆದಾಯವನ್ನು ಅರ್ಧರ್ಧ ಮಾಡಿಕೊಳ್ಳಬಹುದೆಂಬ ಕಾನೂನು ಮಾಡಿತು. ಅಂದಿನಿಂದ ಮದುವೆ ತೆರಿಗೆಯ ಅಳತೆಗೋಲಾಯಿತು. ಒಂಟಿಯಾಗಿರುವವರು ನಮಗೇಕೆ ಈ ಹೊರೆ ಎಂದು ಕೂಗಿದ್ದಕ್ಕೆ 1951ರಲ್ಲಿ ಹೆಡ್ ಆಫ್ ಹೌಸ್‌ಹೋಲ್ಡ್ ಬಂತು, 1969ರಲ್ಲಿ ಸಿಂಗಲ್‌ಗಳಿಗೆ ಹೊಸ ದರಪಟ್ಟಿ ಬಂತು. ಒಬ್ಬರನ್ನು ಸಮಾಧಾನ ಮಾಡಿದಾಗೆಲ್ಲ ಇನ್ನೊಬ್ಬರಿಗೆ ಅನ್ಯಾಯವಾದಂತೆ ಕಂಡಿತು.

ಐಆರ್‌ಎ ಹುಟ್ಟಿದ್ದು ಇದಾದ ಮೇಲೆ. 1963ರ ಕೊನೆಗೆ ಇಂಡಿಯಾನಾದ ಸೌತ್ ಬೆಂಡ್ ಊರಿನಲ್ಲಿ ಸ್ಟುಡಿಬೇಕರ್ ಕಾರು ಕಾರ್ಖಾನೆ ಮುಚ್ಚಿ ಸಾವಿರಾರು ಕಾರ್ಮಿಕರ ಪಿಂಚಣಿ ಮಣ್ಣುಪಾಲಾಯಿತು. ಆ ಗಾಯದಿಂದ ಶುರುವಾದ ಚರ್ಚೆ 1974ರ ಸೆಪ್ಟೆಂಬರ್ 2ರಂದು ಅಧ್ಯಕ್ಷ ಫೋರ್ಡ್ ಸಹಿ ಹಾಕಿದ ಎರಿಸಾ ಕಾಯ್ದೆಯಲ್ಲಿ ಮುಗಿಯಿತು. ಕಂಪನಿಯ ಪಿಂಚಣಿ ಇಲ್ಲದವರು ವರ್ಷಕ್ಕೆ 1,500 ಡಾಲರ್‌ವರೆಗೆ ತಾವೇ ಕೂಡಿಡಲಿ ಎಂದು ಅದರಲ್ಲಿ ಐಆರ್‌ಎ ಸೇರಿಸಿದರು. ದುಡಿಮೆ ಎಂದರೆ ಸಂಬಳದ ದುಡಿಮೆ ಮಾತ್ರ. ಬೆಳಗಿನಿಂದ ರಾತ್ರಿವರೆಗೆ ಮನೆ ನಡೆಸುವವಳು ಆ ಲೆಕ್ಕಕ್ಕೆ ಬರಲಿಲ್ಲ. 1976ರಲ್ಲಿ ಸಂಸತ್ತು ಸ್ವಲ್ಪ ಮನಸ್ಸು ಮಾಡಿ, ಗಂಡನೊಬ್ಬನೇ ದುಡಿಯುವ ಮನೆಯಲ್ಲಿ ಇಬ್ಬರಿಗೂ ಸೇರಿ 1,750 ಎಂದಿತು. 1981ರಲ್ಲಿ ದುಡಿಯುವವರ ಮಿತಿ 2,000ಕ್ಕೆ ಏರಿದಾಗ ಇಂಥ ಮನೆಗೆ ಒಟ್ಟು 2,250 ಸಿಕ್ಕಿತು. ಅಂದರೆ ಗೃಹಿಣಿಯ ಮುಪ್ಪಿನ ಬೆಲೆ ವರ್ಷಕ್ಕೆ 250 ಡಾಲರ್! ಸೆನೆಟರುಗಳಾದ ಟೆಕ್ಸಾಸಿನ ಕೇ ಬೈಲಿ ಹಚಿಸನ್ ಮತ್ತು ಮೇರಿಲ್ಯಾಂಡಿನ ಬಾರ್ಬರಾ ಮಿಕುಲ್ಸ್ಕಿ ಪಕ್ಷಭೇದ ಮರೆತು ಇದರ ಬೆನ್ನುಹತ್ತಿದರು. 1996ರ ಕಾಯ್ದೆಯಿಂದ ಸಂಬಳವಿಲ್ಲದ ಸಂಗಾತಿಗೂ ಪೂರ್ತಿ 2,000 ಡಾಲರಿನ ಹಕ್ಕು ಬಂತು. ಆ ಸೌಲಭ್ಯಕ್ಕೆ 2013ರಲ್ಲಿ ಹಚಿಸನ್ನರ ಹೆಸರನ್ನೇ ಇಟ್ಟರು. ರಾತ್ ಖಾತೆ ಬಂದದ್ದು 1997ರ ಕಾಯ್ದೆಯಲ್ಲಿ. ಅದಕ್ಕಿರುವುದು ಡೆಲವೇರಿನ ಸೆನೆಟರ್ ವಿಲಿಯಂ ರಾತ್ ಅವರ ಹೆಸರು.

ಮನೆಗೆಲಸವೂ ದುಡಿಮೆಯೇ ಎಂದು ತೆರಿಗೆ ಕಾನೂನು ಒಪ್ಪಿಕೊಂಡ ಕೆಲವೇ ಜಾಗಗಳಲ್ಲಿ ಇದೊಂದು. ನಾನು ಅದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಅದಕ್ಕೊಂದು ಷರತ್ತು ಅಂಟಿಕೊಂಡಿದೆ: ಜಂಟಿ ರಿಟರ್ನ್ ಇರಲೇಬೇಕು. ಗಂಡ ಜೊತೆಗೆ ಸಹಿ ಹಾಕಿದರೆ ಅವಳು ದುಡಿದವಳು, ಹಾಕದಿದ್ದರೆ ಅಲ್ಲ.

ಇನ್ನು ಆ ಹತ್ತು ಸಾವಿರದ ವಿಚಾರ. 1986ರ ತೆರಿಗೆ ಸುಧಾರಣೆಯಲ್ಲಿ, ಕಂಪನಿಯ ಯೋಜನೆ ಇರುವವರಿಗೆ ಸಾಂಪ್ರದಾಯಿಕ ಐಆರ್‌ಎಯ ಕಡಿತವನ್ನು ಆದಾಯಕ್ಕೆ ತಕ್ಕಂತೆ ಕರಗಿಸುವ ಗೆರೆಗಳನ್ನು ಹಾಕಿದರು: ಸಿಂಗಲ್‌ಗೆ 25,000ದಿಂದ 35,000, ಜಂಟಿಗೆ 40,000ದಿಂದ 50,000, ಪ್ರತ್ಯೇಕಕ್ಕೆ ಸೊನ್ನೆಯಿಂದ 10,000. ರಾತ್ ಬಂದಾಗಲೂ ಅದೇ ಪದ್ಧತಿ ಮುಂದುವರಿಯಿತು. ಸಿಂಗಲ್‌ನ 25,000 ಏರುತ್ತಾ ಬಂದು 2025ರಲ್ಲಿ 79,000 ಆಯಿತು, ಜಂಟಿಯ 40,000 ಅದೇ ವರ್ಷ 1,26,000. ಪ್ರತ್ಯೇಕದವರ ಹತ್ತು ಸಾವಿರ ಮಾತ್ರ ಅಲ್ಲೇ ನಿಂತಿದೆ. ಅದನ್ನು ಬೆಲೆಯೇರಿಕೆಯ ಲೆಕ್ಕದಿಂದ ಕಾನೂನೇ ಹೊರಗಿಟ್ಟಿದೆ. ಸುಮಾರು ನಲವತ್ತು ವರ್ಷಗಳಿಂದ ಒಂದು ಡಾಲರೂ ಅಲುಗಾಡಿಲ್ಲ.

ಇದಕ್ಕೆ ಸಮರ್ಥನೆ ಇಲ್ಲದೆ ಇಲ್ಲ. ಗಂಡನ ಆದಾಯ ಮೂರು ಲಕ್ಷ, ಹೆಂಡತಿಯದು ನಲವತ್ತು ಸಾವಿರ ಇದ್ದರೆ, ಹೆಂಡತಿ ಪ್ರತ್ಯೇಕ ರಿಟರ್ನ್ ಹಾಕಿ, ತಾನು ಬಡವಳು ಎಂದು ತೋರಿಸಿ, ಸವಲತ್ತು ಪಡೆಯಬಹುದು. ಆ ಕಳ್ಳದಾರಿ ಮುಚ್ಚಲು ಹಾಕಿದ ಬೇಲಿ ಇದು. ಸರಿ. ಆದರೆ ಪ್ರತ್ಯೇಕ ರಿಟರ್ನ್ ಹಾಕುವವರೆಲ್ಲ ಕಳ್ಳದಾರಿ ಹಿಡಿದವರೇ? ಜಂಟಿ ರಿಟರ್ನಿಗೆ ಸಹಿ ಹಾಕಿದ ಮೇಲೆ ಗಂಡ ಮುಚ್ಚಿಟ್ಟ ಆದಾಯದ ತೆರಿಗೆಗೂ ಹೆಂಡತಿ ಪೂರ್ತಿ ಹೊಣೆ. ಗಂಡನ ವ್ಯವಹಾರದಲ್ಲಿ ನಂಬಿಕೆಯಿಲ್ಲದವಳು, ಹೊಡೆತ ತಿಂದು ಮಾರ್ಚಿನಲ್ಲಿ ಮನೆ ಬಿಟ್ಟವಳು, ಗಂಡ ಸಹಿ ಹಾಕಲು ಒಪ್ಪದೆ ಸತಾಯಿಸುತ್ತಿರುವವಳು, ಇವರಿಗೆಲ್ಲ ಪ್ರತ್ಯೇಕ ರಿಟರ್ನೇ ಆಸರೆ. ಶಿಕ್ಷಣ ಸಾಲದ ಕಂತನ್ನು ಆದಾಯಕ್ಕೆ ತಕ್ಕಂತೆ ಕಟ್ಟುವವರಲ್ಲೂ ಅನೇಕರು ಕಂತು ಇಳಿಯಲೆಂದು ಪ್ರತ್ಯೇಕ ಹಾಕುತ್ತಾರೆ. ಒಬ್ಬರಿಗೆ ಹಾಕಿದ ಬೇಲಿಗೆ ಇವರೆಲ್ಲ ಸಿಕ್ಕಿಬೀಳುತ್ತಾರೆ.

ಒಂದು ವಿನಾಯಿತಿ ಇದೆ. ವರ್ಷದ ಯಾವ ಹೊತ್ತಿನಲ್ಲೂ ಗಂಡ ಹೆಂಡತಿ ಒಟ್ಟಿಗೆ ವಾಸ ಮಾಡಿರದಿದ್ದರೆ, ಪ್ರತ್ಯೇಕ ರಿಟರ್ನ್ ಹಾಕಿದರೂ ಐಆರ್‌ಎಯ ಮಟ್ಟಿಗೆ ಅವರನ್ನು ಸಿಂಗಲ್ ಎಂದೇ ಎಣಿಸುತ್ತಾರೆ. ಮಾರ್ಚಿನಲ್ಲಿ ಮನೆ ಬಿಟ್ಟವಳಿಗೆ ಆ ವರ್ಷ ಅದು ದಕ್ಕುವುದಿಲ್ಲ, ಜನವರಿ ಫೆಬ್ರವರಿಯಲ್ಲಿ ಅವಳು ಅದೇ ಮನೆಯಲ್ಲಿದ್ದಳಲ್ಲ! ಜೊತೆಗೆ ಮಗುವಿದ್ದು, ವರ್ಷದ ಕೊನೆಯ ಆರು ತಿಂಗಳು ಗಂಡ ಆ ಮನೆಯಲ್ಲಿರದೆ, ಮನೆಯ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅವಳೇ ಭರಿಸಿದ್ದರೆ ಹೆಡ್ ಆಫ್ ಹೌಸ್‌ಹೋಲ್ಡ್ ಆಗಿ ಪಾರಾಗಬಹುದು. ಮಗುವಿಲ್ಲದವಳಿಗೆ ಆ ದಾರಿಯೂ ಇಲ್ಲ.

ಇದಕ್ಕಿಂತ ವಿಚಿತ್ರವಾದದ್ದೊಂದು ಹೇಳುತ್ತೇನೆ. ಸೀಬಾರ್ನ್ ಮೊಕದ್ದಮೆಯ ಆಸ್ತಿ ಕಾನೂನು ಇಂದಿಗೂ ಒಂಬತ್ತು ರಾಜ್ಯಗಳಲ್ಲಿ ನಡೆಯುತ್ತಿದೆ. ಅವುಗಳಲ್ಲಿ ಕ್ಯಾಲಿಫೋರ್ನಿಯಾ, ಟೆಕ್ಸಾಸ್, ವಾಷಿಂಗ್ಟನ್, ಅರಿಜೋನಾ ಸೇರಿವೆ. ನಮ್ಮವರು ದಟ್ಟವಾಗಿ ನೆಲೆಸಿರುವ ರಾಜ್ಯಗಳು. ಅಲ್ಲಿನ ನಿವಾಸಿ ದಂಪತಿಗಳು ಪ್ರತ್ಯೇಕ ರಿಟರ್ನ್ ಹಾಕಿದರೆ ಸಾಮಾನ್ಯವಾಗಿ ಗಂಡನ ಸಂಬಳದ ಅರ್ಧವನ್ನು ಹೆಂಡತಿ ತನ್ನ ಆದಾಯವೆಂದು ತೋರಿಸಿ ತೆರಿಗೆ ಕಟ್ಟಬೇಕು. ಕಟ್ಟಲಿ. ಆದರೆ ಐಆರ್‌ಎಗೆ ಬೇಕಾದ ‘ದುಡಿದ ಆದಾಯ’ದ ಲೆಕ್ಕಕ್ಕೆ ಈ ಆಸ್ತಿ ಕಾನೂನನ್ನು ಪರಿಗಣಿಸಬಾರದು ಎಂದು ತೆರಿಗೆ ಸಂಹಿತೆ ಬೇರೆಯಾಗಿ ಹೇಳುತ್ತದೆ. ತೆರಿಗೆ ಕಟ್ಟುವಾಗ ಆ ಅರ್ಧ ಸಂಬಳ ಅವಳದು, ಮುಪ್ಪಿಗೆ ಕೂಡಿಡುವಾಗ ಅವಳದಲ್ಲ. ಇಂಥದ್ದನ್ನು ಯಾರೋ ಒಬ್ಬರು ಕೂತು ಯೋಜಿಸಿ ಬರೆದಿರಲಿಕ್ಕಿಲ್ಲ. ಬೇರೆ ಬೇರೆ ಕಾಲದಲ್ಲಿ ಬರೆದ ಕಲಮುಗಳು ಒಂದಕ್ಕೊಂದು ಮುಖ ನೋಡದೆ ಕೂತಿವೆ.

ಮೊದಲು ಹೇಳಿದ ಹುಡುಗನಿಗೆ ಏನು ದಾರಿ? ಹೆಂಡತಿ ಇನ್ನೂ ಭಾರತದಲ್ಲಿದ್ದಾಳೆ, ಅಮೆರಿಕದ ತೆರಿಗೆಯ ದೃಷ್ಟಿಯಲ್ಲಿ ಅನಿವಾಸಿ. ಅವಳನ್ನು ಇಡೀ ವರ್ಷ ನಿವಾಸಿ ಎಂದು ಪರಿಗಣಿಸಿ ಎಂದು ಇಬ್ಬರೂ ಸಹಿ ಹಾಕಿದ ಹೇಳಿಕೆ ಕೊಟ್ಟು ಜಂಟಿ ರಿಟರ್ನ್ ಸಲ್ಲಿಸಬಹುದು. ಅವಳಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇರುವುದಿಲ್ಲವಾದ್ದರಿಂದ ಐಟಿಐಎನ್ ಎಂಬ ತೆರಿಗೆ ಸಂಖ್ಯೆಗೆ ಆ ರಿಟರ್ನಿನ ಜೊತೆಗೇ ಡಬ್ಲ್ಯೂ-7 ಅರ್ಜಿ ಹಾಕಬೇಕು. ಆಗ ಅವನ ಗೆರೆ 2,36,000ಕ್ಕೆ ಹೋಗುತ್ತದೆ, ಹಾಕಿದ 7,000 ಉಳಿಯುತ್ತದೆ. ಆದರೆ ಇದು ಪುಕ್ಕಟೆ ಅಲ್ಲ. ಆ ಆಯ್ಕೆ ಮಾಡಿದರೆ ಇಡೀ ವರ್ಷದ ಅವಳ ಜಗತ್ತಿನ ಆದಾಯವೆಲ್ಲ ಅಮೆರಿಕದ ಲೆಕ್ಕಕ್ಕೆ ಬರುತ್ತದೆ: ಬೆಂಗಳೂರಿನ ಸಂಬಳ, ಠೇವಣಿಯ ಬಡ್ಡಿ, ತಂದೆ ಕೊಟ್ಟ ಮಳಿಗೆಯ ಬಾಡಿಗೆ. ಇಲ್ಲಿ ಕಟ್ಟಿದ ತೆರಿಗೆಗೆ ಅಲ್ಲಿ ಜಮೆ ಸಿಗುತ್ತದೆ, ಕಾಗದಪತ್ರದ ತಲೆನೋವಿಗೆ ಸಿಗುವುದಿಲ್ಲ. ಆ ಆಯ್ಕೆ ಮುಂದಿನ ವರ್ಷಗಳಿಗೂ ಅನ್ವಯವಾಗುತ್ತದೆ. ಒಮ್ಮೆ ಹಿಂತೆಗೆದುಕೊಂಡರೆ ಅದೇ ದಂಪತಿ ಮತ್ತೆ ಮಾಡುವಂತಿಲ್ಲ. ಹೆಂಡತಿಗೆ ಇಲ್ಲಿ ದೊಡ್ಡ ಆದಾಯವಿದ್ದರೆ ಬರೀ ರಾತ್ ಖಾತೆ ಉಳಿಸಲೆಂದು ಇಷ್ಟಕ್ಕೆ ಕೈ ಹಾಕುವುದು ಜಾಣತನವಲ್ಲ.

‘ಮೈಸೂರಿನಲ್ಲಿರುವ ಅಮ್ಮನಿಗೆ ಪ್ರತಿ ತಿಂಗಳು ಹಣ ಕಳಿಸುತ್ತೇನೆ, ನಾನು ಹೆಡ್ ಆಫ್ ಹೌಸ್‌ಹೋಲ್ಡ್ ಅಲ್ಲವೇ?’ ಎಂಬ ಪ್ರಶ್ನೆಯೂ ಸಹಜವಾಗಿ ಬರುತ್ತದೆ. ಅಲ್ಲ. ಅವಲಂಬಿತರು ಅಮೆರಿಕದ ಪೌರರೋ ನಿವಾಸಿಗಳೋ ಆಗಿರಬೇಕು, ಇಲ್ಲವೇ ಕೆನಡಾ, ಮೆಕ್ಸಿಕೋದ ನಿವಾಸಿಗಳಾಗಿರಬೇಕು. ಮೆಕ್ಸಿಕೋದಲ್ಲಿರುವ ಅಮ್ಮ ಲೆಕ್ಕಕ್ಕೆ ಬರುತ್ತಾರೆ, ಮೈಸೂರಿನ ಅಮ್ಮ ಬರುವುದಿಲ್ಲ.

ಜಂಟಿ ಬೇಡವೆಂದಾದರೆ ಹಾಕಿದ ಹಣವನ್ನು ಸರಿಪಡಿಸಬೇಕು. ಸುಮ್ಮನೆ ಬಿಟ್ಟರೆ ಹೆಚ್ಚುವರಿ ಮೊತ್ತದ ಮೇಲೆ ಪ್ರತಿ ವರ್ಷ ಶೇ. 6 ದಂಡತೆರಿಗೆ, 7,000ಕ್ಕೆ 420 ಡಾಲರ್, ಒಂದು ಸಲವಲ್ಲ, ತೆಗೆಯುವವರೆಗೆ ವರ್ಷ ವರ್ಷ. ರಿಟರ್ನಿನ ಗಡುವಿನೊಳಗೆ ಗಳಿಕೆಯ ಸಮೇತ ಹಿಂತೆಗೆದರೆ ಈ ದಂಡ ಇಲ್ಲ. ಅಥವಾ ಆ ಹಣವನ್ನು ಸಾಂಪ್ರದಾಯಿಕ ಐಆರ್‌ಎಗೆ ವರ್ಗಾಯಿಸಿಕೊಳ್ಳಬಹುದು. ಅಲ್ಲಿ ತೆರಿಗೆ ಕಡಿತ ಸಿಗದಿದ್ದರೂ ಹಣ ಹಾಕಲು ಆದಾಯದ ಮೇಲ್ಮಿತಿ ಇಲ್ಲ. ತಮಾಷೆಯೆಂದರೆ, ಸಾಂಪ್ರದಾಯಿಕ ಖಾತೆಯಿಂದ ರಾತ್ ಖಾತೆಗೆ ಪರಿವರ್ತಿಸಲು ಇದ್ದ 1,00,000 ಡಾಲರಿನ ಆದಾಯ ಮಿತಿಯನ್ನೂ ಪ್ರತ್ಯೇಕ ರಿಟರ್ನಿನವರ ಮೇಲಿದ್ದ ನಿಷೇಧವನ್ನೂ 2010ರಿಂದ ತೆಗೆದುಹಾಕಿದ್ದಾರೆ. ಹಾಗಾಗಿ ಮುಂಬಾಗಿಲಲ್ಲಿ ತಡೆದ ಹಣ ಹಿಂಬಾಗಿಲಿನಿಂದ ಒಳಗೆ ಹೋಗಬಹುದು. ಇದನ್ನು ಅಲ್ಲಿನವರು ‘ಬ್ಯಾಕ್‌ಡೋರ್ ರಾತ್’ ಎಂದೇ ಕರೆಯುತ್ತಾರೆ. ಬೇರೆ ಸಾಂಪ್ರದಾಯಿಕ ಐಆರ್‌ಎಗಳಲ್ಲಿ ತೆರಿಗೆ ಕಟ್ಟದ ಹಣವಿದ್ದರೆ ಪರಿವರ್ತನೆಯ ಒಂದು ಪಾಲಿಗೆ ತೆರಿಗೆ ಬೀಳುತ್ತದೆ ಎಂಬುದನ್ನು ಮರೆಯಬಾರದು. ತಿಳಿವಳಿಕೆ ಇದ್ದವನಿಗೆ ಬೇಲಿಯೇ ಇಲ್ಲ, ತಿಳಿಯದವನಿಗೆ ದಂಡ. ಹೀಗಿರುವಾಗ ಬೇಲಿ ಯಾರನ್ನು ಕಾಯುತ್ತಿದೆ?

ಹೆಂಡತಿ ಎಚ್-4 ಎಂಬ ಅವಲಂಬಿತರ ವೀಸಾದಲ್ಲಿ ಅಲ್ಲಿಗೆ ಹೋದ ಮೇಲಿನ ಕಥೆ ಬೇರೆ. 2015ರ ಮೇ ತಿಂಗಳಿನಿಂದ ಎಚ್-4 ಇರುವ ಕೆಲವರಿಗೆ, ಗ್ರೀನ್ ಕಾರ್ಡಿನ ಸಾಲಿನಲ್ಲಿ ಗಂಡ ಒಂದು ಹಂತ ಮುಟ್ಟಿದ್ದರೆ, ಕೆಲಸದ ಪರವಾನಗಿ ಸಿಗುತ್ತದೆ. ಉಳಿದವರು ಇಲ್ಲಿ ಎಂಜಿನಿಯರೋ ಉಪನ್ಯಾಸಕಿಯೋ ಆಗಿದ್ದವರು, ಅಲ್ಲಿ ವರ್ಷಗಟ್ಟಲೆ ಸಂಬಳವಿಲ್ಲದೆ ಕೂತಿರುತ್ತಾರೆ. ಅವರ ಕೈಗೆ ಎಟಕುವ ನಿವೃತ್ತಿ ಖಾತೆಯೆಂದರೆ ಹಚಿಸನ್ ಹೆಸರಿನ ಆ ಸೌಲಭ್ಯ. ಜಂಟಿ ರಿಟರ್ನ್ ಇದ್ದು, ಗಂಡನ ದುಡಿಮೆಯ ಆದಾಯ ಇಬ್ಬರ ಖಾತೆಗೆ ಸಾಲುವಷ್ಟಿದ್ದರೆ, ಅವಳ ಹೆಸರಿನ ಖಾತೆಗೆ ವರ್ಷಕ್ಕೆ 7,000 ಡಾಲರ್ ಹಾಕಬಹುದು. ಹಾಕಿದ ಹಣ ಯಾರ ಸಂಬಳದಿಂದ ಬಂದರೂ ಖಾತೆ ಅವಳದು, ತೆಗೆಯುವ ಅಧಿಕಾರ ಅವಳದು. ಮಗಳನ್ನೋ ಸೊಸೆಯನ್ನೋ ಈ ವೀಸಾದಲ್ಲಿ ಕಳುಹಿಸಿದವರು ದಯವಿಟ್ಟು ಈ ಒಂದು ಮಾತನ್ನು ಕೇಳಿ: ‘ನಿನ್ನ ಹೆಸರಲ್ಲಿ ಖಾತೆ ಇದೆಯೇನಮ್ಮಾ?’ ಚಿನ್ನ ಎಷ್ಟು ಹಾಕಿದಿರಿ ಎಂದು ಕೇಳುವ ನೆಂಟರು ಇದನ್ನು ಕೇಳುವುದಿಲ್ಲ.

ಮರಳಿ ಬರುವವರ ವಿಷಯಕ್ಕೆ ಎರಡೇ ಮಾತು. ಭಾರತಕ್ಕೆ ಬಂದ ಮಾತ್ರಕ್ಕೆ ಖಾತೆ ಮುಚ್ಚಬೇಕಿಲ್ಲ. 2021ರಲ್ಲಿ ನಮ್ಮ 1961ರ ಆದಾಯ ತೆರಿಗೆ ಕಾಯ್ದೆಗೆ ಸೇರಿಸಿದ 89ಎ ಕಲಮು, ಅಮೆರಿಕ, ಕೆನಡಾ, ಬ್ರಿಟನ್ನಿನ ನಿವೃತ್ತಿ ಖಾತೆಗಳಲ್ಲಿ ವರ್ಷ ವರ್ಷ ಬೆಳೆಯುವ ಆದಾಯಕ್ಕೆ ಇಲ್ಲಿ ಕೂಡಲೇ ತೆರಿಗೆ ಬೀಳದೆ, ಅಲ್ಲಿ ಹಿಂತೆಗೆಯುವಾಗ ಬೀಳುವಂತೆ ಪರಿಹಾರ ಕೊಟ್ಟಿತು. ಹಿಂತೆಗೆಯುವಾಗಲೂ ಅಲ್ಲಿ ತೆರಿಗೆಯೇ ಇಲ್ಲದ ರಾತ್ ಖಾತೆಗೆ ಇದು ಹೊಂದುತ್ತದೆಯೇ ಎಂಬುದರಲ್ಲಿ ತಜ್ಞರಿಗೆ ಒಮ್ಮತವಿಲ್ಲ. ವಾಪಸಾಗುವ ಮನಸ್ಸಿದ್ದವರು ರಾತ್‌ಗೆ ಹಣ ಸುರಿಯುವ ಮೊದಲು ಎರಡೂ ದೇಶದ ತೆರಿಗೆ ಬಲ್ಲ ಆಡಿಟರನ್ನು ಕಾಣುವುದು ಲೇಸು.

ನಮ್ಮಲ್ಲಿ ಹೇಗೆ ಎಂದು ನೀವು ಕೇಳಬಹುದು. ಭಾರತದಲ್ಲಿ ಗಂಡ ಹೆಂಡತಿಗೆ ಜಂಟಿ ರಿಟರ್ನ್ ಇಲ್ಲ. ಹಿಂದೂ ಅವಿಭಕ್ತ ಕುಟುಂಬವೆಂಬ ಘಟಕ ಇದ್ದರೂ ಸಂಬಳದ ಮಟ್ಟಿಗೆ ವ್ಯಕ್ತಿಯೇ ಲೆಕ್ಕ. ಪಿಪಿಎಫ್ ಖಾತೆಗೆ ವರ್ಷಕ್ಕೆ 1.5 ಲಕ್ಷ ರೂಪಾಯಿ ಹಾಕಲು ಮದುವೆಯಾಗಿದೆಯೇ ಎಂದು ಅಂಚೆ ಕಚೇರಿಯ ಗುಮಾಸ್ತರು ಕೇಳುವುದಿಲ್ಲ. ಸಂಬಳ ಇದೆಯೇ ಎಂದೂ ಕೇಳುವುದಿಲ್ಲ. ಗೃಹಿಣಿಯೂ ತೆರೆಯಬಹುದು, ಗಂಡನ ಸಹಿ ಬೇಕಿಲ್ಲ. ನಮ್ಮ ಪಿಂಚಣಿ ವ್ಯವಸ್ಥೆಯ ಕೊರತೆಗಳು ನೂರಾರು, ಅವನ್ನು ಮುಚ್ಚಿಡುವ ಇರಾದೆ ನನಗಿಲ್ಲ. ಈ ಒಂದು ವಿಷಯದಲ್ಲಿ ಮಾತ್ರ ನಮ್ಮದು ನೇರವಾಗಿದೆ. ಬ್ರಿಟನ್ ಕೂಡ 1990ರಲ್ಲಿ ಹೆಂಡತಿಯ ಆದಾಯವನ್ನು ಗಂಡನ ಲೆಕ್ಕದಿಂದ ಬಿಡಿಸಿ ಸ್ವತಂತ್ರಗೊಳಿಸಿತು.

ಅಮೆರಿಕ ಜಂಟಿ ರಿಟರ್ನನ್ನೇ ಕೈಬಿಡಲಿ ಎಂದು ನಾನು ಹೇಳುವುದಿಲ್ಲ. ಅದರಿಂದ ಲಾಭ ಪಡೆಯುವ ಮನೆಗಳು ಬಹಳ. ನನ್ನ ಬೇಡಿಕೆ ಚಿಕ್ಕದು. ಪ್ರತ್ಯೇಕ ರಿಟರ್ನಿನವರ ಗೆರೆಯನ್ನು ಜಂಟಿ ಗೆರೆಯ ಅರ್ಧಕ್ಕೆ ಏರಿಸಬೇಕು, ಬೆಲೆಯೇರಿಕೆಗೆ ಜೋಡಿಸಬೇಕು, ವರ್ಷದ ನಡುವೆ ಬೇರೆಯಾದವರನ್ನು ವಿನಾಯಿತಿಯಲ್ಲಿ ಸೇರಿಸಬೇಕು. ಹಿಂಬಾಗಿಲು ಹೇಗೂ ತೆರೆದಿರುವಾಗ ಇದರಿಂದ ಖಜಾನೆಗೆ ಆಗುವ ನಷ್ಟ ದೊಡ್ಡದಿರಲಾರದು. ಅಲ್ಲಿ ಪೌರತ್ವ ಪಡೆದು ಮತ ಹಾಕುವ ನಮ್ಮ ಜನ ತಮ್ಮ ಪ್ರತಿನಿಧಿಗಳಿಗೆ ಬರೆಯಬೇಕಾದ ಪತ್ರ ಇದು.

ಕಾನೂನು ಬದಲಾಗುವವರೆಗೆ, ಗಂಡು ಹೆಣ್ಣು ನೋಡುತ್ತಿರುವ ಮನೆಗಳಿಗೆ ಒಂದು ಸೂಚನೆ ಕೊಟ್ಟು ಮುಗಿಸುತ್ತೇನೆ. ಯಾವುದೇ ವರ್ಷದ ಐಆರ್‌ಎ ಹಣವನ್ನು ಆ ವರ್ಷದೊಳಗೇ ಹಾಕಬೇಕೆಂದಿಲ್ಲ, ಮುಂದಿನ ವರ್ಷದ ಏಪ್ರಿಲ್ 15ರವರೆಗೆ ಹಾಕಬಹುದು. ಮದುವೆ ಗೊತ್ತಾಗುವ ಸಂಭವವಿದ್ದರೆ ಹುಡುಗನಿಗೆ ಹೇಳಿ, ಜನವರಿಯಲ್ಲೇ ರಾತ್ ಖಾತೆಗೆ ಹಾಕಬೇಡ, ಡಿಸೆಂಬರ್ 31 ಕಳೆಯಲಿ. ಜಂಟಿಯೋ ಪ್ರತ್ಯೇಕವೋ ಎಂದು ಇಬ್ಬರೂ ಕೂತು ತೀರ್ಮಾನಿಸಿದ ಮೇಲೆ ಹಾಕಿದರಾಯಿತು. ಅನುಮಾನವಿದ್ದರೆ ಮೊದಲು ಪ್ರತ್ಯೇಕ ರಿಟರ್ನ್ ಸಲ್ಲಿಸಿ, ಮೂರು ವರ್ಷದೊಳಗೆ ಜಂಟಿಗೆ ತಿದ್ದಿಕೊಳ್ಳಲು ಅವಕಾಶವಿದೆ. ಜಂಟಿಯಾಗಿ ಸಲ್ಲಿಸಿದ್ದನ್ನು ಗಡುವು ಮುಗಿದ ಮೇಲೆ ಪ್ರತ್ಯೇಕ ಮಾಡಲು ಬರುವುದಿಲ್ಲ.